ಟ್ರುಗನೀನಾ ಸ್ಮಶಾನದ ಹಳದಿ ಹೂಗಳು

ಮೆಲ್ಬೋರ್ನಿನ ಪಶ್ಚಿಮ ಅಂಚಿನ ಟಾರ್ನೀಟ್, ಟ್ರುಗನೀನಾ ಕಡೆ ಈಗ ಅಂಗಡಿ ಸಾಲಿನಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪವೇನಲ್ಲ. ನನ್ನ ಅಕ್ಕ-ಭಾವ ಇರುವುದೂ ಅಲ್ಲೇ. ಕಣ್ಣು ಹಾಯಿಸಿದಷ್ಟು ದೂರ ಹೊಸ ಮನೆಗಳು, ಗೋದಾಮುಗಳು. ನೆಲ ಸಪಾಟು. ಹಳೆಯ ಜ್ವಾಲಾಮುಖಿಗಳ ಲಾವಾ ಹರಿದು ಆದ ಬಯಲು ಇದು, ಹಾಗಾಗಿ ಅಗೆದಲ್ಲೆಲ್ಲ ಕಪ್ಪು ಕಲ್ಲು. 1835ರಲ್ಲಿ ಬಿಳಿಯರು ಕುರಿ ತಂದು ನೆಲೆಯೂರುವ ಮುಂಚೆ ಇಲ್ಲಿ ಹುಲ್ಲೋ ಹುಲ್ಲು. ಮೂಲನಿವಾಸಿಗಳು ಆಗಾಗ ಬೆಂಕಿ ಇಟ್ಟು, ಮರ್ನಾಂಗ್ ಎಂಬ ಗೆಡ್ಡೆ ಅಗೆದು ತಿಂದು, ಈ ಹುಲ್ಲುಗಾವಲನ್ನು ಜೋಪಾನ ಮಾಡಿದ್ದರು. ಈಗ ಉಳಿದಿರುವುದು ನೂರರಲ್ಲಿ ಒಂದೆರಡು ಪಾಲು. ಅದೂ ಚೂರುಚೂರಾಗಿ: ರೈಲು ಹಳಿಯ ಪಕ್ಕ, ರಸ್ತೆಯ ಬದಿ, ಹಳೆಯ ಸ್ಮಶಾನ.

ಡಿಸೆಂಬರಿನ ಬಿಸಿಲಲ್ಲಿ ಅಕ್ಕ ನನ್ನನ್ನು ಕಾರಿನಲ್ಲಿ ಟ್ರುಗನೀನಾದ ಹಳೆಯ ಸ್ಮಶಾನಕ್ಕೆ ಕರೆದುಕೊಂಡು ಹೋದಳು. ಅಷ್ಟು ವರ್ಷದಿಂದ ಹತ್ತಿರವೇ ಇದ್ದರೂ ಅವಳೂ ಅದನ್ನು ನೋಡಿರಲಿಲ್ಲ. ಸಮಾಧಿಗಳ ನಡುವೆ ಕಾಂಗರೂ ಹುಲ್ಲು ಕೆಂಗಂದು ತೆನೆ ಬಿಟ್ಟು ನಿಂತಿತ್ತು. ಇದೇ ಜಾತಿಯ ಹುಲ್ಲು ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ. ಅದರ ಸಂದಿಯಲ್ಲಿ ಮೊಣಕಾಲಿಗೂ ಬಾರದ ಗಿಡ, ತುದಿಯಲ್ಲಿ ಅಂಗಿ ಗುಂಡಿಯಷ್ಟು ಹಳದಿ ಹೂ. ಬಟನ್ ರಿಂಕಲ್‌ವರ್ಟ್. ನಾನು ನೋಡಲೆಂದೇ ಬಂದ ಗಿಡ.

ಸುತ್ತಲಿನ ಬಯಲಲ್ಲಿ ಹೋದದ್ದು ಇಲ್ಲಿ ಯಾಕೆ ಉಳಿಯಿತು? ಸ್ಮಶಾನವನ್ನು ಯಾರೂ ಉಳಲಿಲ್ಲ, ಗೊಬ್ಬರ ಹಾಕಲಿಲ್ಲ, ಕುರಿ ಮೇಯಿಸಲಿಲ್ಲ. ಅಷ್ಟೇ ಸಾಕಾಯಿತು. ಹುಲ್ಲು ಜಾಸ್ತಿ ದಟ್ಟವಾದರೂ ಈ ಗಿಡಕ್ಕೆ ಉಸಿರು ಕಟ್ಟುತ್ತದೆ. ಅದಕ್ಕೇ ಇಂಥ ಕಡೆ ಕೆಲವು ವರ್ಷಕ್ಕೊಮ್ಮೆ ಬೆಂಕಿ ಬೀಳಬೇಕು.

ಆದರೆ ಗಿಡ ಕಣ್ಣಿಗೆ ಕಂಡರೆ ಕ್ಷೇಮವಾಗಿದೆ ಎಂದಲ್ಲ. ಇದರ ಹೂವಿಗೆ ತನ್ನ ಪರಾಗ ಒಗ್ಗುವುದಿಲ್ಲ. ಪರಾಗವನ್ನು ಗುರುತಿಸುವ ಒಂದು ಜೀನ್ ಇದೆ, ಅದಕ್ಕೆ ಹಲವು ರೂಪಗಳು. ತನ್ನದೇ ರೂಪ ಹೊತ್ತು ಬಂದ ಪರಾಗವನ್ನು, ಅದು ಪಕ್ಕದ ಗಿಡದ್ದಾದರೂ ಸರಿ, ಹೂವು ಒಲ್ಲೆ ಎನ್ನುತ್ತದೆ. ನಮ್ಮಲ್ಲಿ ಒಂದೇ ಬೆಡಗಿನವರು ಹೆಣ್ಣು ಕೊಟ್ಟು ತರುವುದಿಲ್ಲ ಅಲ್ವಾ, ಹಾಗೆ. ಊರಲ್ಲಿ ಹತ್ತಾರು ಬೆಡಗುಗಳಿದ್ದರೆ ತೊಂದರೆಯಿಲ್ಲ. ಎರಡೋ ಮೂರೋ ಉಳಿದರೆ? ಹೂ ಅರಳುತ್ತದೆ, ಜೇನ್ನೊಣ ಬರುತ್ತದೆ, ಕಾಳು ಮಾತ್ರ ಕಟ್ಟುವುದಿಲ್ಲ. ಸಿಎಸ್‌ಐಆರ್‌ಒ ಎಂಬ ಆಸ್ಟ್ರೇಲಿಯಾ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆಯ ಆಂಡ್ರ್ಯೂ ಯಂಗ್ ಮತ್ತು ಸಂಗಡಿಗರು 1990ರ ದಶಕದಿಂದ ಈ ಗಿಡದ ಬೆನ್ನು ಹತ್ತಿ ಕಂಡುಕೊಂಡದ್ದು ಇದನ್ನೇ. ಗುಂಪು ಚಿಕ್ಕದಾದಷ್ಟೂ ಜೀನ್ ರೂಪಗಳು ಕಳೆದುಹೋಗುತ್ತವೆ, ಬೀಜವೂ ಕಡಿಮೆಯಾಗುತ್ತದೆ. ಬೀಜ ಬಿದ್ದರೂ ತಾಯಿಗಿಡದ ಬುಡದ ಆಸುಪಾಸಿನಲ್ಲೇ. ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದು ಕಾಯುವ ಬೀಜವೂ ಅಲ್ಲ. ನಡುವೆ ಹೆದ್ದಾರಿ, ಬಡಾವಣೆ ಬಂದರೆ ಸಂಬಂಧ ಅಲ್ಲಿಗೇ ಮುಗಿಯಿತು.

ವಾಪಸು ಬರುವಾಗ ಅಕ್ಕ ಕೇಳಿದಳು: "ಹಂಗಾದ್ರೆ ಬೇರೆ ಕಡೆಯಿಂದ ಬೀಜ ತಂದು ಹಾಕಿದ್ರೆ ಆಯ್ತಲ್ವಾ?"

ಸುಮ್ನೆ ತಂದು ಹಾಕುವ ಹಾಗಿಲ್ಲ. ವಿಕ್ಟೋರಿಯಾ ರಾಜ್ಯದಲ್ಲಿ ಕೆಲವು ಕಡೆಯ ಗಿಡಗಳಲ್ಲಿ 22 ಕ್ರೋಮೋಸೋಮು, ಇನ್ನು ಕೆಲವು ಕಡೆ 44. ಎರಡೂ ನೋಡಲು ಒಂದೇ. ಕೂಡಿದರೆ ಹುಟ್ಟುವ ಮರಿಗಿಡದ ಫಲವಂತಿಕೆ ಕುಗ್ಗುತ್ತದೆ. ಹಾಗಾಗಿ ಬೀಜ ತರುವ ಮೊದಲು ಪ್ರಯೋಗಾಲಯದಲ್ಲಿ ಲೆಕ್ಕ ಹಾಕಲೇಬೇಕು.

ಅಲ್ಲಿಂದ ನಾನು ಬಸ್ಸು ಹಿಡಿದು ಕ್ಯಾನ್‌ಬೆರಾಗೆ ಹೋದೆ. ಇಡೀ ಹಗಲಿನ ದಾರಿ, ಬಹುಪಾಲು ಒಣಗಿದ ಮೇವಿನ ಹೊಲಗಳು. ಭಾರತದ ಹೈಕಮಿಷನ್ ಕಚೇರಿ ಇರುವ ಯಾರಲಮ್ಲಾದಲ್ಲೇ ಸ್ಟರ್ಲಿಂಗ್ ಪಾರ್ಕ್ ಇದೆ. ಹೆಸರು ಪಾರ್ಕ್ ಆದರೂ ಅದು ಕೆರೆಯ ದಡದ ದಿಣ್ಣೆ, ನೀಲಗಿರಿ ಜಾತಿಯ ಮರಗಳ ಕೆಳಗೆ ಹುಲ್ಲು. ಅಲ್ಲಿ ಅದೇ ಹಳದಿ ಗುಂಡಿಗಳು ಸಾವಿರಗಟ್ಟಲೆ! ರಾಜಧಾನಿಯ ನಡುವೆ, ಸಂಸತ್ ಭವನದಿಂದ ಕೂಗಳತೆಯಲ್ಲಿ. ನನಗೆ ನಿಜಕ್ಕೂ ಖುಷಿಯಾಯಿತು. ಇಂಥ ದೊಡ್ಡ ಗುಂಪಿನಲ್ಲೇ ಜೀನ್ ವೈವಿಧ್ಯ ಉಳಿದಿರುತ್ತದೆ. 'ಫ್ರೆಂಡ್ಸ್ ಆಫ್ ಗ್ರಾಸ್‌ಲ್ಯಾಂಡ್ಸ್' ಎಂಬ ಸ್ವಯಂಸೇವಕರ ಗುಂಪು ಇಲ್ಲಿ ಕಳೆ ಕೀಳುತ್ತದೆ.

ಮೆಲ್ಬೋರ್ನಿನ ಪಶ್ಚಿಮಕ್ಕೆ ಇಷ್ಟು ಅದೃಷ್ಟ ಇಲ್ಲ. ಬಡಾವಣೆಗಳಿಗೆ ಬಯಲು ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ 15,000 ಹೆಕ್ಟೇರ್ ಹುಲ್ಲುಗಾವಲನ್ನು 2020ರೊಳಗೆ ಸರ್ಕಾರ ಕೊಂಡು ಕಾಯುತ್ತದೆ ಎಂದು ಮಾತಾಗಿತ್ತು. ಆ ವರ್ಷ ರಾಜ್ಯದ ಮಹಾಲೇಖಪಾಲರು ಲೆಕ್ಕ ನೋಡಿದಾಗ ಸೇರಿದ್ದು ಸುಮಾರು ಹತ್ತರಲ್ಲಿ ಒಂದು ಪಾಲು. ಕೊಳ್ಳದೆ ಉಳಿದ ಜಮೀನಿನಲ್ಲಿ ಕಳೆ ಹಬ್ಬುತ್ತಲೇ ಇರುತ್ತದೆ, ಅದು ಕಾಗದಪತ್ರಕ್ಕೆ ಕಾಯುವುದಿಲ್ಲ. ನಮ್ಮಲ್ಲೂ ಹುಲ್ಲುಬಯಲನ್ನು ಖರಾಬು ಎಂದು ಬರೆದು ನೀಲಗಿರಿ ನೆಟ್ಟವರಿದ್ದಾರೆ. ರಾಣೆಬೆನ್ನೂರಿನ ಕೃಷ್ಣಮೃಗಗಳ ನೆಲೆಯಲ್ಲೂ ಅದು ಆಗಿದೆ. ಅಲ್ಲಿನ ಹುಲ್ಲು, ಹೂಗಿಡಗಳಲ್ಲಿ ಎಷ್ಟು ಬೆಡಗು ಉಳಿದಿವೆ ಎಂದು ಒಂದೊಂದು ಜಾತಿಯನ್ನೂ ಹಿಡಿದು ಎಣಿಸಬೇಕು, ಜಾಗ ಇನ್ನಷ್ಟು ಚೂರಾಗುವ ಮೊದಲೇ.