ಚರ್ಚ್ ಸ್ಟ್ರೀಟಿನಲ್ಲಿ ಸೋಫಿಯನ್ನು ಹುಡುಕುತ್ತಾ

ಮೈಸೂರಿನಲ್ಲಿ ರೈಲು ಹತ್ತಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಬ್ಯಾಗಿನಲ್ಲಿ ತಂಗಿಗೆ ಮೈಸೂರು ಪಾಕು, ಅವಳ ಮಗಳಿಗೆ ನಾನೇ ಹೊಲಿದ ಲಂಗ. ಈ ಸಲ ಬೆಂಗಳೂರಿಗೆ ಹೊರಟಿದ್ದು ಮದುವೆಗಲ್ಲ, ಆಸ್ಪತ್ರೆಗಲ್ಲ. ಒಂದು ಪುಸ್ತಕ ಕೊಳ್ಳೋಕೆ.

ತಂಗಿಯ ಮಗಳಿಗೆ ಈಗ 13. 'ಹೌಲ್ಸ್ ಮೂವಿಂಗ್ ಕ್ಯಾಸಲ್' ಸಿನಿಮಾ ಅಂದರೆ ಪ್ರಾಣ. ಜಪಾನಿನ ಹಯಾವೊ ಮಿಯಾಝಾಕಿ 2004ರಲ್ಲಿ ಮಾಡಿದ್ದು. ಮಾಟಗಾತಿಯ ಶಾಪದಿಂದ ಮುದುಕಿಯಾದ ಸೋಫಿ ಅನ್ನುವ ಹುಡುಗಿ, ಹೌಲ್ ಅನ್ನುವ ಮಾಂತ್ರಿಕನ ನಡೆದಾಡುವ ಕೋಟೆ ಸೇರುವ ಕಥೆ. ಅದಕ್ಕೆ ಮೊದಲು ಅದೊಂದು ಕಾದಂಬರಿ, 1986ರಲ್ಲಿ ಡಯಾನಾ ವಿನ್ ಜೋನ್ಸ್ ಬರೆದದ್ದು ಅಂತ ಫೋನಿನಲ್ಲಿ ಹೇಳಿದ್ದೆ. "ಕಥೆ ಅದೇನಾ ದೊಡ್ಡಮ್ಮ?" ಅಂದಳು. ಅದೇ, ಆದರೆ ಬೇರೆ ಥರ. ಬಂದು ಹೇಳ್ತೀನಿ ಅಂದೆ.

ಮದ್ದೂರಿನಲ್ಲಿ ವಡೆ ತಿಂದೆ. ಕೆಂಗೇರಿ ಬರುವ ಹೊತ್ತಿಗೆ ಬಿಸಿಲು. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಹಿಡಿದು ಕಬ್ಬನ್ ಪಾರ್ಕ್‌ನಲ್ಲಿ ಇಳಿದೆ. ತಂಗಿ ಮಗಳನ್ನು ನನ್ನ ಕೈಗೆ ಒಪ್ಪಿಸಿ ಕೆಲಸಕ್ಕೆ ಹೋದಳು.

ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಒಂದಷ್ಟು ಜನ ಬಂದು ಹುಲ್ಲಿನ ಮೇಲೆ ಚಾಪೆ ಹಾಸಿಕೊಂಡು ಸುಮ್ನೆ ಓದುತ್ತಾರೆ. ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಆ ನಿಶ್ಶಬ್ದ ಕೆಡಿಸಬಾರದು ಅಂತ ನಾವು ದೂರ ಹೋಗಿ ಬಿದಿರ ಮೆಳೆಯ ಹತ್ತಿರ ಕೂತೆವು.

"ಸಿನಿಮಾದಲ್ಲಿ ಸೋಫಿಗೆ ಎಷ್ಟು ಜನ ತಂಗಿಯರು?" ಅಂತ ಕೇಳಿದೆ.

"ಒಬ್ಬಳೇ. ಲೆಟ್ಟಿ. ಬೇಕರಿಯಲ್ಲಿ ಇರ್ತಾಳಲ್ಲ."

ಪುಸ್ತಕದಲ್ಲಿ ಇಬ್ಬರು, ಲೆಟ್ಟಿ ಮತ್ತು ಮಾರ್ತಾ. ಆ ಒಬ್ಬಳನ್ನು ತೆಗೆದಿದ್ದರಿಂದ ಕಥೆಯ ಬುಡವೇ ಬೇರೆಯಾಯಿತು ಅಂತ ನನಗೆ ಅನಿಸುತ್ತದೆ. ಯಾಕೆಂದರೆ ಸೋಫಿಯ ಊರಿನಲ್ಲಿ ಒಂದು ನಂಬಿಕೆ ಇದೆ. ಮೂವರಲ್ಲಿ ಹಿರಿಯವರು ಏನೇ ಮಾಡಲು ಹೊರಟರೂ ಕೆಡುತ್ತದೆ, ಕಿರಿಯವರೇ ಗೆಲ್ಲುವುದು. ನಮ್ಮ ಅಜ್ಜಿ ಕಥೆಗಳಲ್ಲೂ ಹಾಗೇ ಅಲ್ವಾ? ಕಿರಿ ಮಗನಿಗೇ ರಾಜಕುಮಾರಿ ಸಿಗುವುದು. ಸೋಫಿ ಅದನ್ನು ನಂಬಿ, ತಂಗಿಯರನ್ನು ಕಳಿಸಿ, ಅಪ್ಪನ ಟೋಪಿ ಅಂಗಡಿಯಲ್ಲೇ ಸೂಜಿ ಹಿಡಿದು ಕೂತುಬಿಡುತ್ತಾಳೆ. ಮಾಟಗಾತಿ ಬಂದು ಅವಳನ್ನು ಮುದುಕಿ ಮಾಡುವ ಮೊದಲೇ ಅವಳಿಗೆ ವಯಸ್ಸಾಗಿಬಿಟ್ಟಿರುತ್ತದೆ.

ನಾನೂ ಮೂವರಲ್ಲಿ ದೊಡ್ಡವಳು. ಒಬ್ಬ ತಂಗಿ ಬೆಂಗಳೂರಿಗೆ ಬಂದಳು, ಇನ್ನೊಬ್ಬಳು ಹುಬ್ಬಳ್ಳಿಗೆ ಹೋದಳು. ಅಪ್ಪನ ಹೊಲಿಗೆ ಅಂಗಡಿ ನನಗೆ ಬಂತು. ಆ ಮೊದಲ ಅಧ್ಯಾಯ ಓದಿದ ದಿನ ಪುಸ್ತಕ ಮುಚ್ಚಿಟ್ಟು ತುಂಬಾ ಹೊತ್ತು ಕೂತಿದ್ದೆ.

ಒಬ್ಬಳೇ ಕೂತು ಕೂತು ಸೋಫಿ ಟೋಪಿಗಳ ಜೊತೆ ಮಾತಾಡುತ್ತಾಳೆ. ಒಂದು ಟೋಪಿಗೆ, ನಿನ್ನನ್ನು ಇಟ್ಟುಕೊಂಡವಳಿಗೆ ಒಳ್ಳೇದಾಗಲಿ ಅನ್ನುತ್ತಾಳೆ. ಕೊಂಡವಳಿಗೆ ನಿಜಕ್ಕೂ ಹಾಗೇ ಆಗುತ್ತದೆ! ಅವಳ ಬಾಯಿಮಾತಿಗೆ ವಸ್ತುಗಳಿಗೆ ಜೀವ ತುಂಬುವ ಶಕ್ತಿ ಇದೆ. ಅವಳಿಗೇ ಅದು ಗೊತ್ತಿಲ್ಲ. ನಮ್ಮಜ್ಜಿ ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟುತ್ತಾ "ಕೆಡಬೇಡ ಕಣೇ" ಅನ್ನುತ್ತಿದ್ದರು. ನಾನು ರೇಷ್ಮೆ ರವಿಕೆಗೆ ಕತ್ತರಿ ಹಾಕುವಾಗ ಇವತ್ತಿಗೂ ಬಟ್ಟೆಗೆ ಒಂದು ಮಾತು ಹೇಳುತ್ತೇನೆ. ಸಿನಿಮಾದಲ್ಲಿ ಈ ಶಕ್ತಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಅಲ್ಲಿ ಸೋಫಿಯ ಮುಖವೇ ಅವಳ ಮನಸ್ಸಿನ ಜೊತೆ ಬದಲಾಗುತ್ತದೆ. ನಿದ್ದೆಯಲ್ಲಿ ಹುಡುಗಿ, ಕುಗ್ಗಿದಾಗ ಮತ್ತೆ ಮುದುಕಿ. ನೋಡೋಕೆ ತುಂಬಾ ಚೆನ್ನಾಗಿದೆ. ಆದರೂ ಅವಳ ಮಾತು ಹೋಯಿತಲ್ಲ ಅಂತ ನನಗೆ ಸಂಕಟ.

"ಯುದ್ಧ ಇದೆಯಲ್ಲ ಪುಸ್ತಕದಲ್ಲಿ?"

ಸಿನಿಮಾದಲ್ಲಿ ಇರುವಂಥ ಯುದ್ಧ ಇಲ್ಲ ಅಂದೆ. ಅವಳು ಬಾಯಿ ಬಿಟ್ಟುಕೊಂಡು ನೋಡಿದಳು. ಊರಿನ ಮೇಲೆ ಬಾಂಬು, ಹಕ್ಕಿಯಾಗಿ ಹಾರಿ ಹೋಗಿ ಗಾಯ ಮಾಡಿಕೊಂಡು ಬರುವ ಹೌಲ್, ಇದೆಲ್ಲ ಮಿಯಾಝಾಕಿ ಸೇರಿಸಿದ್ದು. ಅವರು ಹುಟ್ಟಿದ್ದು 1941ರಲ್ಲಿ. ಬಾಂಬ್ ದಾಳಿಯಿಂದ ತಪ್ಪಿಸಿಕೊಂಡು ಓಡಿದ ಮಗು ಅವರು. ಈ ಸಿನಿಮಾ ಮಾಡುತ್ತಿದ್ದಾಗಲೇ, 2003ರಲ್ಲಿ, ಇರಾಕ್ ಯುದ್ಧ ಶುರುವಾಯಿತು. ಆ ಸಿಟ್ಟು ಸಿನಿಮಾದಲ್ಲಿದೆ. ಅದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ.

ಕೋಟೆಯೂ ಬೇರೆ. ಪುಸ್ತಕದ್ದು ಹೊಗೆ ಉಗುಳುವ ಎತ್ತರದ ಕರಿ ಕೋಟೆ, ನಾಲ್ಕು ಗೋಪುರ. ಹಕ್ಕಿಕಾಲಿನ ಮೇಲೆ ನಡೆಯುವ ಆ ಕಬ್ಬಿಣದ ರಾಶಿ ಸಿನಿಮಾದವರದ್ದು. ಇದರಲ್ಲಿ ಮಾತ್ರ ನನ್ನ ಓಟು ಸಿನಿಮಾಗೆ.

ಮತ್ತೆ ಮೆಟ್ರೋ ಹತ್ತಿದೆವು. ಕಬ್ಬನ್ ಪಾರ್ಕ್ ಬಿಟ್ಟ ಮೇಲೆ ರೈಲು ಸುರಂಗದಿಂದ ಮೇಲೆ ಬರುತ್ತದೆ. ಇದ್ದಕ್ಕಿದ್ದ ಹಾಗೆ ಬೆಳಕು, ಮರ, ಎಂ.ಜಿ. ರಸ್ತೆ. ಮಗಳು ಬಾಗಿಲ ಕಡೆ ನೋಡಿ, "ಹೌಲ್ ಮನೆ ಬಾಗಿಲ ಥರ" ಅಂದಳು.

ಆ ಬಾಗಿಲ ವಿಷಯ ಮಾತ್ರ ನಾನು ಬಾಯಿಬಿಡಲಿಲ್ಲ. ಹಿಡಿಯನ್ನು ಬೇರೆ ಬೇರೆ ಬಣ್ಣಕ್ಕೆ ತಿರುಗಿಸಿದರೆ ಬೇರೆ ಬೇರೆ ಊರಿಗೆ ತೆರೆಯುವ ಬಾಗಿಲು ಅದು. ಸಿನಿಮಾದಲ್ಲಿ ಕಪ್ಪಿಗೆ ತಿರುಗಿಸಿದರೆ ಯುದ್ಧದ ಕತ್ತಲೆ. ಪುಸ್ತಕದಲ್ಲಿ ಅದೇ ಕಪ್ಪು ಬ್ರಿಟನ್ನಿನ ವೇಲ್ಸ್‌ಗೆ, ನಮ್ಮದೇ ಲೋಕಕ್ಕೆ ತೆರೆಯುತ್ತದೆ. ಅಲ್ಲಿ ಹೌಲನ ಅಕ್ಕನ ಮನೆ. ಕಾರಿದೆ, ಟಿವಿ ಇದೆ, ಕಂಪ್ಯೂಟರ್ ಆಟ ಆಡುವ ಹುಡುಗ ಇದ್ದಾನೆ. ಭಯಂಕರ ಮಾಂತ್ರಿಕ ಅಂತ ಹೆಸರಾದವನು ಅಕ್ಕನ ಹತ್ತಿರ ಬೈಸಿಕೊಂಡು ನಿಂತಿರುತ್ತಾನೆ.

ಚರ್ಚ್ ಸ್ಟ್ರೀಟಿನ ಕಲ್ಲುಹಾಸಿನ ಮೇಲೆ ನಡೆದು ಒಂದು ಹಳೆ ಪುಸ್ತಕದ ಅಂಗಡಿ ಹೊಕ್ಕೆವು. ಮೊದಲನೆಯದರಲ್ಲಿ ಸಿಗಲಿಲ್ಲ. ಎರಡನೆಯದರ ಮೇಲಿನ ಮಹಡಿಯಲ್ಲಿ, ಕೆಳಗಿನ ಸಾಲಿನಲ್ಲಿ, ಬೆನ್ನು ಸುಕ್ಕಾದ ಒಂದೇ ಪ್ರತಿ. ಹಾಳೆ ಹಳದಿಯಾಗಿತ್ತು, ಒಂದು ಮೂಲೆಯಲ್ಲಿ ಚಹಾದ ಕಲೆ. 200 ರೂಪಾಯಿ. ಮಗಳು ಅಲ್ಲೇ ನೆಲದ ಮೇಲೆ ಕೂತು ಮೊದಲ ಪುಟ ಓದಿದಳು. ತಲೆ ಎತ್ತಿ, "ಇದು ನೀವೇ ಅಲ್ವಾ ದೊಡ್ಡಮ್ಮ?" ಅಂದಳು. ನಾನು ಅವಳ ಜಡೆಯ ರಿಬ್ಬನ್ ಸರಿಮಾಡಿದೆ.

ಮಧ್ಯಾಹ್ನ ಊಟ ಮಾಡಿ, ಅವಳನ್ನು ಮನೆಗೆ ಬಿಟ್ಟು, ಸಂಜೆಯ ರೈಲು ಹಿಡಿದೆ. ಮಂಡ್ಯ ದಾಟುವಾಗ ಫೋನು ಸದ್ದು ಮಾಡಿತು.

"ದೊಡ್ಡಮ್ಮಾ! ಕಪ್ಪು ಬಾಗಿಲು ತೆಗೆದ್ರು! ಅಲ್ಲಿ ಟಿವಿ ಇದೆ!!"