ಫ್ರೀಜರಿನಲ್ಲಿ ನಾಲ್ಕು ಲೋಟ

ಕಲಬುರಗಿಯಲ್ಲಿ ಇವತ್ತು 42 ಡಿಗ್ರಿ. ಕಲ್ಲಂಗಡಿಯ ಬೀಜ ತೆಗೆದು ಮಿಕ್ಸಿಗೆ ಹಾಕಿ, ಅರ್ಧ ನಿಂಬೆಹಣ್ಣು ಹಿಂಡಿ, ಚಿಟಿಕೆ ಉಪ್ಪು ಸೇರಿಸಿ ಸಣ್ಣ ಸ್ಟೀಲ್ ಲೋಟಗಳಿಗೆ ಸುರಿದೆ. ಐಸ್ ಕ್ಯಾಂಡಿ ಅಚ್ಚು ಯಾರ ಮನೆಯಲ್ಲಿರುತ್ತದೆ? ಕಡ್ಡಿಯ ಬದಲು ಚಮಚ. ಅದು ಮೊದಲೇ ನೆಟ್ಟಗೆ ನಿಲ್ಲುವುದಿಲ್ಲ, ಅರೆ ಗಟ್ಟಿಯಾದ ಮೇಲೆ ಚುಚ್ಚಬೇಕು.

ಸಕ್ಕರೆ ಬೇಡವೇ ಬೇಡ ಅಂತ ಹಟ ಹಿಡಿದಿದ್ದೆ. ಆದರೆ ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ, ಜೊತೆಗೆ ಸಕ್ಕರೆ ಇಲ್ಲದಿದ್ದರೆ ಕಲ್ಲಿನಷ್ಟು ಗಟ್ಟಿ. ಎರಡನೇ ಸಲ ಒಂದು ಕಳಿತ ಬಾಳೆಹಣ್ಣು ಸೇರಿಸಿದೆ. ಮೆತ್ತಗೆ ಬಂತು.

ನಾವು ಚಿಕ್ಕವರಿದ್ದಾಗ 50 ಪೈಸೆಯ ಕ್ಯಾಂಡಿ ತಿಂದು, ಯಾರ ನಾಲಿಗೆ ಜಾಸ್ತಿ ಕೆಂಪು ಅಂತ ಚಾಚಿ ನೋಡುತ್ತಿದ್ದೆವು. ಮಗಳು ಕನ್ನಡಿ ಮುಂದೆ ನಿಂತು ಗೊಣಗುತ್ತಿದ್ದಾಳೆ: "ಮಮ್ಮಿ, ಕೆಂಪ ಆಗೇ ಇಲ್ಲಲ್ಲ!"