ಪದಗಳ ಡಬ್ಬಿ: ಮೂರನೇ ವಾರ

ಕಕ್ಕಡದ ಮಳೆ ಬಿಟ್ಟಿಲ್ಲ. ಮಡಿಕೇರಿಯ ನಮ್ಮ ಬೀದಿಯಲ್ಲಿ ಎರಡು ದಿನದಿಂದ ಕರೆಂಟೂ ಇಲ್ಲ. ಫ್ಯಾನ್ ಫಿಕ್ಷನ್, ಅಂದರೆ ಮೆಚ್ಚಿದ ಸಿನಿಮಾ, ಧಾರಾವಾಹಿ, ಪುಸ್ತಕಗಳ ಪಾತ್ರಗಳನ್ನಿಟ್ಟು ಅಭಿಮಾನಿಗಳೇ ಬರೆಯುವ ಕತೆ. ಅವರು ಬಳಸುವ ಪದಗಳನ್ನು ಅರ್ಥದ ಜೊತೆ ಬರೆದಿಟ್ಟ ಕಾರ್ಡುಗಳು ಥಂಡಿಗೆ ಹಳೇ ಹಪ್ಪಳದ ಹಾಗೆ ಮೆತ್ತಗಾಗಿವೆ. ಒಲೆ ಪಕ್ಕ ಹರಡಿದ್ದೇನೆ.

ಹತ್ತು ಪದ ಮುಗಿಸಬೇಕಿತ್ತು, ಆಗಿದ್ದು ನಾಲ್ಕೇ. ಒಂದು ಪದಕ್ಕೆ ಒಂದೇ ಅರ್ಥ ಅಂದುಕೊಂಡು ಒಂದೇ ಸಾಲು ಜಾಗ ಬಿಟ್ಟಿದ್ದೆ.

ಲೆಕ್ಕ ಕೆಡಿಸಿದ್ದು ಡ್ರಾಬಲ್. ಕುಶಾಲನಗರದ ಚಿಕ್ಕಮ್ಮನ ಮಗಳು "ಅಕ್ಕ, ಡ್ರಾಬಲ್ ಬರ್ದಿದೀನಿ, ಓದು" ಅಂತ ಕತೆ ಕಳಿಸಿದಳು. ಎಣಿಸಿದೆ, 412 ಪದ. "ಡ್ರಾಬಲ್ ಅಂದ್ರೆ ಸರಿಯಾಗಿ 100 ಪದ ಕಣೇ" ಅಂದೆ. "ಚಿಕ್ಕ ಕತೆಗೆಲ್ಲ ಈಗ ಹಾಗೇ ಅಂತಾರಲ್ವಾ?" ಅಂದಳು. ಹೌದು, ಅಂತಾರೆ. ನೂರರ ಕಟ್ಟು ಹಾಕಿದ್ದು 1980ರ ದಶಕದ ಬ್ರಿಟನ್ನಿನ ಸೈನ್ಸ್ ಫಿಕ್ಷನ್ ಅಭಿಮಾನಿಗಳು. ಆಮೇಲೆ ಅದು ಸಡಿಲವಾಗಿದೆ.

ಸುಮ್ನೆ ಇರಲಾರದೆ ನಾನೂ ಒಂದು ಬರೆಯಲು ಕೂತೆ. ಕನ್ನಡದಲ್ಲಿ ಇದು ಮೋಸದ ಆಟ. ‘ಬಂದು ಬಿಟ್ಟಿದ್ದಾನೆ ಅಂತೆ’ ಅಂತ ಬಿಡಿಸಿದರೆ ಮೂರು ಪದ, ‘ಬಂದುಬಿಟ್ಟಿದ್ದಾನಂತೆ’ ಅಂದರೆ ಒಂದೇ. ಅದನ್ನು ಕೂಡಿಸಿದೆ, ಇನ್ನೊಂದು ಕಡೆ ‘ಇಲ್ಲ ಎಂದಳು’ ಇದ್ದದ್ದನ್ನು ‘ಇಲ್ಲವೆಂದಳು’ ಮಾಡಿದೆ. 103 ಇದ್ದದ್ದು 100 ಆಯ್ತು. ಒಂದಕ್ಷರ ಕತೆ ಕಡಿಮೆಯಾಗಲಿಲ್ಲ!

ಮೇರಿ ಸೂ ಕಾರ್ಡಿಗೆ ಹಿಂದೆ ಮುಂದೆ ಎರಡೂ ಕಡೆ ಬೇಕಾಯಿತು. 1973ರಲ್ಲಿ ಪೌಲಾ ಸ್ಮಿತ್ ಸ್ಟಾರ್ ಟ್ರೆಕ್ ಅನ್ನುವ ಬಾಹ್ಯಾಕಾಶದ ಟಿವಿ ಧಾರಾವಾಹಿಯ ಅಭಿಮಾನಿಗಳ ಕತೆಗಳನ್ನು ಗೇಲಿ ಮಾಡಲು ಹುಟ್ಟಿಸಿದ ಹುಡುಗಿ ಇವಳು. ವಯಸ್ಸು ಹದಿನೈದೂವರೆ, ಆಗಲೇ ಲೆಫ್ಟಿನೆಂಟ್, ಬಾರದ ವಿದ್ಯೆಯೇ ಇಲ್ಲ. ಬರೆಯುವವರು ತಮ್ಮನ್ನೇ ಚೆಂದ ಮಾಡಿ ಕತೆಯೊಳಗೆ ತೂರಿಸಿದರೆ, ಆ ಪಾತ್ರಕ್ಕೆ ಇದೇ ಹೆಸರು ಬಿತ್ತು. ಈಗ ನೋಡಿದರೆ, ಸಿನಿಮಾ ನಾಯಕಿ ನಾಲ್ಕು ಏಟು ನೆಟ್ಟಗೆ ಕೊಟ್ಟರೂ ಮೇರಿ ಸೂ. ನಲವತ್ತು ಜನರನ್ನು ಒಬ್ಬನೇ ಹೊಡೆದವನು ಮಾತ್ರ ಹೀರೋ. ಈ ಅರ್ಥ ಬರೆಯುವಾಗ ಪೆನ್ನು ಸ್ವಲ್ಪ ಜಾಸ್ತಿಯೇ ಒತ್ತಿದೆ, ಹಿಂದುಗಡೆ ಅಚ್ಚು ಮೂಡಿದೆ.

ಶಿಪ್ ಬೇಗ ಮುಗಿಯಿತು. ಹಡಗಲ್ಲ, ರಿಲೇಶನ್‌ಶಿಪ್‌ನ ಬಾಲ. 1990ರ ದಶಕದಲ್ಲಿ ದಿ ಎಕ್ಸ್ ಫೈಲ್ಸ್ ಅನ್ನುವ ಟಿವಿ ಧಾರಾವಾಹಿ ನೋಡುವವರಲ್ಲಿ ಜೋಡಿ ಸೇರಲಿ ಅನ್ನುವ ಪಕ್ಷದವರು ಶಿಪ್ಪರ್‌ಗಳು. ಈಗ ತಂಗಿ ಯಾವ ಧಾರಾವಾಹಿ ನೋಡಿದರೂ ಇಬ್ಬರನ್ನು ‘ಶಿಪ್ ಮಾಡ್ತಾಳೆ’.

ಕೊನೆಗೆ ಡಬ್ಬಿ ಮೇಲಿನ ‘ಫ್ಯಾನ್ ಫಿಕ್ಷನ್’ ಅನ್ನುವ ಹೆಸರೇ ಕೈಕೊಟ್ಟಿತು. 1944ರ ಫ್ಯಾನ್‌ಸೈಕ್ಲೋಪೀಡಿಯಾ ಅನ್ನುವ ಅಭಿಮಾನಿಗಳ ಪದಕೋಶದಲ್ಲಿ ಫ್ಯಾನ್ ಫಿಕ್ಷನ್ ಅಂದರೆ ಅಭಿಮಾನಿಗಳ ಬಗ್ಗೆಯೇ ಬರೆದ ಕತೆ! ಹೇಗೂ ಥಂಡಿಗೆ ಚೀಟಿ ಕಿತ್ತು ಬಂದಿತ್ತು. ಹೊಸದು ಅಂಟಿಸಿ, ಹೆಸರಿನ ಕೆಳಗೆ ಯಾವ ಇಸವಿಯಲ್ಲಿ ಯಾವ ಅರ್ಥ ಅಂತ ಬರೆಯಲು ಮೂರು ಸಾಲು ಬಿಟ್ಟಿದ್ದೇನೆ.